ಸೌಂಡ್ ಗುಂಡಿ ಅಪ್ಪನಿಗೇ ಬಿಡು

ಪುಟ್ಟಾ,

ಚಪ್ಪಲಿ ಹಾಕಿಕೊಂಡೇ ಬರೀತಿದ್ದೀನಿ, ಬಸ್ಸು ತಪ್ಪುತ್ತೆ. ಅಪ್ಪ ಎದ್ದ ಕೂಡಲೇ ಹಾಡು ಹಾಕು. ಹಳೇ ಟೇಪ್ ರೆಕಾರ್ಡರ್ ಕ್ಯಾಸೆಟ್ ನುಂಗುತ್ತೆ. ಅದರ ಹಿಂದಿನ ತೂತಿಗೆ ನಿನ್ನ ಮ್ಯೂಸಿಕ್ ಪ್ಲೇಯರ್ ವೈರ್ ಚುಚ್ಚು. ಒಂದೇ ಕಡೆ ಕೇಳಿಸಿದರೆ ವೈರ್ ಅಲ್ಲಾಡಿಸು, ಪೆಟ್ಟಿಗೆಗೆ ಗುದ್ದಬೇಡ ಪುಣ್ಯಾತ್ಮ! ನೀನು ತಂದ ಹೊಸ ಸ್ಪೀಕರ್ ಬೀರು ಮೇಲಿಟ್ಟಿದ್ದೀನಿ, ಮುಖ ಊದಿಸಬೇಡ. ಅದರಲ್ಲಿ ತಿರುಗಿಸೋಕೆ ಗುಂಡಿಯೇ ಇಲ್ಲ.

ಪೆಟ್ಟಿಗೆ ಅಪ್ಪನ ಬಲಗೈ ಪಕ್ಕ ಇಡು. ಸೌಂಡ್ ಪೂರ್ತಿ ಕಡಿಮೆ ಮಾಡು. ಆಮೇಲೆ ಅವರು ಎಷ್ಟೇ ಸಿಡುಕಲಿ, ನೀನು ಗುಂಡಿ ಮುಟ್ಟಬೇಡ. ಲಕ್ವ ಹೊಡೆದಾಗಿಂದ ಅಲುಗದ ಕೈ ನಿನ್ನೆ ತಾನಾಗೇ ಆ ಗುಂಡಿಗೆ ಹೋಯ್ತು ಕಣೋ. ನನಗಿನ್ನೂ ನಂಬಿಕೆ ಬರ್ತಿಲ್ಲ.

ಊಟದ ಹೊತ್ತಿಗೆ ಫೋನ್ ಮಾಡ್ತೀನಿ. ಏನೂ ಹೇಳಬೇಡ, ಫೋನನ್ನ ಪೆಟ್ಟಿಗೆ ಹತ್ತಿರ ಹಿಡಿ. ಹಾಡು ಜೋರಾಗಿದ್ದರೆ ಸಾಕು.

ಅಕ್ಕ