ಝುಹ್ರಾ ಖಾಲಾಗೆ ಸಿಕ್ಕ ಉತ್ತರ

ಸ್ಫಾಕ್ಸ್, ಸೋಮವಾರ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಸೀ ನೂರಿ ಅವರಿಗೆ,

ನಮ್ಮ ಓಣಿಯ ಹಿರಿಯರಾದ ಝುಹ್ರಾ ಖಾಲಾಗೆ ಕಣ್ಣಿನ ಇಂಜೆಕ್ಷನ್ ನಿರಾಕರಿಸಿದ್ದು ನನ್ನ ಡೇಟಾಬೇಸ್ ಎಂದು ಸಭೆಯಲ್ಲಿ ಹೇಳಿದಿರಿ. ಅದು ಸುಳ್ಳು. ರೋಗಿಯ ಅರ್ಹತೆ ನೋಡಿ ಉತ್ತರ ಕೊಡುವ ಡೇಟಾಬೇಸ್‌ನ ಪುಟ್ಟ ಪ್ರೋಗ್ರಾಂ, ಅಂದರೆ ಫಂಕ್ಷನ್ನನ್ನು, ಅವರ ಹೆಸರಿಗೆ ನಾನೇ ನಡೆಸಿ ನೋಡಿದೆ; 'ಕೊಡಬಹುದು' ಎಂದಿತು. ಚಿಕಿತ್ಸೆಗೆ ಅನುಮತಿ ಕೊಡುವ ನಿಮ್ಮ ಆ್ಯಪ್‌ನ ಖಾತೆಯಿಂದ ಅದನ್ನೇ ಕರೆದರೆ ಡೇಟಾಬೇಸ್ ಒಳಗೇ ಬಿಡಲಿಲ್ಲ. ಸರ್ವರ್ ಬದಲಿಸಿದಾಗ ಆ ಖಾತೆಗೆ ಫಂಕ್ಷನ್ ಕರೆಯುವ ಹಕ್ಕನ್ನು ಯಾರೂ ಕೊಟ್ಟಿರಲಿಲ್ಲ. ಉತ್ತರ ಬಾರದಿದ್ದರೂ 'ತಿರಸ್ಕೃತ' ಎಂದೇ ತೋರಿಸುವಂತೆ ಆ್ಯಪ್ ಮಾಡಿಸಿದವರು ನೀವು. ಬೇಡವೆಂದು ನಾನು ಅಂದಾಗ, "ದೋಷ ಅಂತ ತೋರಿಸಿದ್ರೆ ಜನ ಗಲಾಟೆ ಮಾಡ್ತಾರೆ, ಸುಮ್ನಿರಮ್ಮ" ಎಂದಿರಿ.

ಹಕ್ಕು ಕೊಟ್ಟಿದ್ದೇನೆ, ಈಗ ಸರಿಯಾಗಿದೆ. ನಿನ್ನೆ ಖಾಲಾ ಮನೆಗೆ ಹೋಗಿ, "ಆಸ್ಪತ್ರೆಗೆ ಮತ್ತೆ ಯಾಕೆ ಬರ್ಲಿಲ್ಲ?" ಎಂದು ಕೇಳಿದೆ.

"ಕೊಡಲ್ಲ ಅಂದ್ಮೇಲೆ ಪದೇ ಪದೇ ಹೋಗಿ ನಿಂತ್ಕೊಳ್ಳೋಕೆ ನಾಚಿಕೆ ಆಗಲ್ವೇನೇ, ಮಗಳೇ" ಎಂದರು.

'ತಾಂತ್ರಿಕ ಕಾರಣ' ಎಂದಷ್ಟೇ ಬರೆದ ವರದಿಗೆ ನಾನು ಸಹಿ ಹಾಕುವುದಿಲ್ಲ. ನಾಳೆ ನನ್ನ ಜೊತೆ ಅವರ ಮನೆಗೆ ಬನ್ನಿ. ಅವರಿಗೆ ಯಾರೂ 'ಕೊಡುವುದಿಲ್ಲ' ಎಂದಿರಲಿಲ್ಲ ಎಂಬುದನ್ನು ನಿಮ್ಮ ಬಾಯಿಂದಲೇ ಹೇಳಿ. ಹೇಳುವಾಗ ಅವರ ಬಲಕ್ಕೆ ಕುಳಿತುಕೊಳ್ಳಿ; ಎಡಗಣ್ಣು ಈಗ ಕಾಣುವುದಿಲ್ಲ.

ಉಮೈಮಾ ಗರ್ಗೂರಿ
ಡೇಟಾಬೇಸ್ ವಿಭಾಗ