ಕೈ ಮುರಿದ ಸುರಕ್ಷತಾ ಅಧಿಕಾರಿ

ಅಪ್ಪಾ,

ನೀನು ಹೋದಮೇಲೂ ಸಂತೋಷದ ಸುದ್ದಿಯನ್ನು ಮೊದಲು ನಿನಗೇ ಹೇಳುವ ಚಾಳಿ ನನ್ನನ್ನು ಬಿಟ್ಟಿಲ್ಲ. ನನಗೆ ಕೆಲಸ ಸಿಕ್ಕಿತು! ದೊಡ್ಡ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ.

ನಗಬೇಡ. ಹೋದ ವಾರ ಬಲ್ಬು ಬದಲಿಸಲು ಗಿರಗಿರ ತಿರುಗುವ ಕುರ್ಚಿ ಹತ್ತಿ, ಬಿದ್ದು, ಮಣಿಕಟ್ಟು ಮುರಿದುಕೊಂಡಿದ್ದೆ. ಇವತ್ತು ಸಂದರ್ಶನಕ್ಕೆ ಹೊರಟಾಗ ಅಮ್ಮ ಪ್ಲಾಸ್ಟರಿನ ಮೇಲೆ ಶಾಲು ಹೊದಿಸಿ, "ಕೇಳಿದ್ರೆ ಚಳಿ ಅನ್ನು" ಎಂದಳು. ಸೆಕೆಗೆ ಬೆವರು ಸುರಿಯುತ್ತಿತ್ತು. ಬೀದಿ ತಿರುಗಿದ್ದೇ ಶಾಲನ್ನು ಚೀಲಕ್ಕೆ ತುರುಕಿದೆ.

ಮ್ಯಾನೇಜರ್ ಮೇಡಂ ನನ್ನ ಕೈಯನ್ನೇ ನೋಡಿ, "ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅನ್ನೋ ಹಾಗಾಯ್ತಲ್ಲಮ್ಮ!" ಎಂದರು.

"ಹೌದು ಮೇಡಂ. ಬಲ್ಬು ಬದಲಿಸೋಕೆ ಕುರ್ಚಿ ಹತ್ತಿ ಬಿದ್ದೆ. ಏಣಿ ಪಕ್ಕದ ಕೋಣೇಲೇ ಇತ್ತು, ತರೋಕೆ ಸೋಮಾರಿತನ. ನಿಮ್ಮ ಕೆಲಸಗಾರರೂ ಹೀಗೇ ಬೀಳ್ತಾರೆ, ಆಮೇಲೆ ನಾಚಿಕೆಯಿಂದ ಮುಚ್ಚಿಡ್ತಾರೆ. ನನ್ನ ನೋಡಿದ್ರೆ ಯಾರಿಗೂ ನಾಚಿಕೆ ಆಗಲ್ಲ."

ಮೇಡಂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಸೋಮವಾರದಿಂದ ಬಂದ್ಬಿಡಿ. ಬಲ್ಬಿನ ತಂಟೆಗೆ ಮಾತ್ರ ಹೋಗ್ಬೇಡಿ!"

ನಾಚಿಕೆಯ ಆ ಮಾತು ನಾನು ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನೀನು. ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಹೋದಮೇಲೆ ಆ ಕೈಯನ್ನು ನೀನು ಜೇಬಿನಲ್ಲೇ ಇಟ್ಟುಕೊಂಡೆ. ನನ್ನ ಮದುವೆಯ ಫೋಟೋದಲ್ಲೂ ಅದು ಜೇಬಿನಲ್ಲೇ ಇದೆ.

ಹೊರಗೆ ಬಂದಾಗ ಬಸ್ಸು ಆಗಲೇ ಹೊರಟಿತ್ತು. ಬೆಳ್ಳಗಿನ ಪ್ಲಾಸ್ಟರ್ ಕೈಯನ್ನೇ ಮೇಲೆತ್ತಿ ಬೀಸಿದೆ. ಅದನ್ನು ಕಂಡು ಡ್ರೈವರ್ ಗಕ್ಕನೆ ನಿಲ್ಲಿಸಿ, "ನಿಧಾನ ಅಕ್ಕಾ, ನಿಮ್ಮನ್ನ ಬಿಟ್ಟು ಎಲ್ಲಿ ಹೋಗ್ತೀವಿ!" ಎಂದ. ಇಡೀ ಬಸ್ಸೇ ನಕ್ಕಿತು ಅಪ್ಪಾ, ಎಲ್ಲರಿಗಿಂತ ಜೋರಾಗಿ ನಾನು.

ನಿನ್ನ ಮಗಳು