ಗುಡಾರದಲ್ಲಿ ನನ್ನ ಉಸಿರು

ಪ್ರೀತಿಯ ಲುವ್ಸನ್‌ದೋರ್ಜ್ ಅಣ್ಣನಿಗೆ,

ಇಲ್ಲಿ ಕುರಿಗಳು ಮೈದುಂಬಿಕೊಂಡಿವೆ. ನಾನೂ ಚೆನ್ನಾಗಿದ್ದೇನೆ.

"ಆಕ್ಸಿಜನ್ ಮೆಷಿನ್ ಹೊತ್ಕೊಂಡು ಹುಲ್ಲುಗಾವಲಿಗೆ ಹೋಗ್ತೀಯಾ? ಅಲ್ಲೇನು ಕುದುರೆ ಬಾಲಕ್ಕೆ ಪ್ಲಗ್ ಹಾಕ್ತೀಯೇನೇ?" ಎಂದು ನಾನು ಪಟ್ಟಣ ಬಿಟ್ಟು ಹೊರಡುವಾಗ ನೀನು ನಕ್ಕಿದ್ದೆ. ನಾವು ಮೊದಲು ತಂದ ಇನ್ವರ್ಟರ್ ಟಿವಿಗಷ್ಟೇ ಸಾಕಾಗುವಂಥದ್ದು; ಮೆಷಿನ್ ಚಾಲೂ ಮಾಡಿದೊಡನೆ ನಿನ್ನೆದುರೇ ಕಿರುಚಿ ನಿಂತುಬಿಟ್ಟಿತು. ಆದರೆ ಸೊಸೆ ನೋಮುನ್ ಬಿಡಲಿಲ್ಲ. ನನ್ನನ್ನೂ ಮೆಷಿನ್ನನ್ನೂ ಅಂಗಡಿಗೇ ಕರೆದೊಯ್ದು, "ಇದು ಓಡಿದ್ರೆ ಮಾತ್ರ ತಗೊಳ್ಳೋದು" ಅಂದಳು. ದೊಡ್ಡ ಇನ್ವರ್ಟರನ್ನೇ ಆರಿಸಿ, ಬ್ಯಾಟರಿಯನ್ನೂ ಸೋಲಾರ್ ಫಲಕವನ್ನೂ ಹೆಚ್ಚಿಸಿದಳು.

ಮೊನ್ನೆ ಧೂಳುಗಾಳಿಯೆದ್ದು ಎರಡು ದಿನ ಸೂರ್ಯ ಕಾಣಲಿಲ್ಲ. ನಿಮ್ಮ ಪಟ್ಟಣದಲ್ಲೂ ಕರೆಂಟು ಹೋಗಿತ್ತಂತೆ. ನೋಮುನ್ ಟಿವಿ, ದೀಪ ಎಲ್ಲ ಆರಿಸಿ ಬ್ಯಾಟರಿಯನ್ನು ನನಗೇ ಉಳಿಸಿದಳು. ಮೆಷಿನ್ ಒಂದು ಕ್ಷಣವೂ ನಿಲ್ಲಲಿಲ್ಲ ಅಣ್ಣ!

ಗಾಳಿ ಇಳಿದ ಬೆಳಿಗ್ಗೆ ಬಾಗಿಲಲ್ಲಿ ಕೂತು ನಾನೇ ಮೇಕೆಯ ಹಾಲು ಕರೆದೆ. "ಅತ್ತೆ, ಮೂಗಿನ ಕೊಳವೆ ಹುಷಾರು, ಮೇಕೆ ಮೇದುಬಿಟ್ಟೀತು!" ಎಂದು ಸೊಸೆ ಕೂಗುತ್ತಿದ್ದಳು.

ನನ್ನ ಚಳಿಗಾಲದ ನಿಲುವಂಗಿ ಕಳಿಸಿಕೊಡು. ಪಟ್ಟಣದಲ್ಲಿ ನಾನಿದ್ದ ನಾಲ್ಕನೇ ಮಹಡಿಯ ಆ ಕೋಣೆಯನ್ನು ಇನ್ನು ಯಾರಿಗಾದರೂ ಬಾಡಿಗೆಗೆ ಕೊಡಬಹುದು.

ನಿನ್ನ ತಂಗಿ,
ತ್ಸೆವೆಲ್ಮಾ